ಕೂಸಿನ ಅರಿವೆಯೂ ಶೌಚವಿಚಾರವೂ

ಧರ್ಮಜಿಜ್ಞಾಸೆಯೆಂದರೆ ಯಜ್ಞ, ದಾನ, ಅಹಿಂಸೆ, ಮೋಕ್ಷ ಮೊದಲಾದ ದೊಡ್ಡ ಸಂಗತಿಗಳನ್ನೇ ಕುರಿತದ್ದೆಂದು ತಿಳಿಯುವದು ವಿದ್ವಾಂಸರಲ್ಲಿ ವಾಡಿಕೆಯಾಗಿದೆ. ಬಚ್ಚಲಲ್ಲಿ, ಹಿತ್ತಲಲ್ಲಿ, ತೊಟ್ಟಿಲ ಕೆಳಗೆ ನಡೆಯುವ ಕೆಲಸಗಳನ್ನು ಅವರು ಹೆಂಗಸರ ಪಾಲಿಗೆ ಬಿಟ್ಟು, ಅವುಗಳಲ್ಲಿ ವಿಚಾರಕ್ಕೆ ಎಡೆಯುಂಟೆಂದು ಎಣಿಸುವದೇ ಇಲ್ಲ. ಮಸ್ಕಿಯವರಾದರೂ ಹಾಗೆ ಎಣಿಸಬಾರದು. ಅವರ ಊರಿನ ದುರ್ಗದ ಗುಡ್ಡದ ಬಂಡೆಯ ಮೇಲೆ ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಕಂಡುಹಿಡಿದ ಶಾಸನವು, 'ದೇವಾನಾಂಪ್ರಿಯ'ನೆಂಬವನು ಅಶೋಕನೇ ಎಂಬದನ್ನು ಹೆಸರು ಹಿಡಿದು ಹೇಳಿದ್ದಕ್ಕಾಗಿ ಜಗತ್ಪ್ರಸಿದ್ಧವಾಗಿದೆ. ಆ ಹೆಸರಿನ ಸಂಭ್ರಮದಲ್ಲಿ ಶಾಸನದ ಒಡಲನ್ನು ಓದುವವರು ಕಡಿಮೆ. ಧರ್ಮದಿಂದ ದೊರೆಯುವ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನು, ಇದನ್ನು ಕಿರಿಯರಿಗೂ ಹಿರಿಯರಿಗೂ ತಿಳಿಸತಕ್ಕದ್ದು ಎಂಬದು ಅದರ ಸಾರಾಂಶ. ಸಣ್ಣವನಿಗೆ ಧರ್ಮವುಂಟಾದರೆ ಸಣ್ಣ ಕೆಲಸಕ್ಕೂ ಧರ್ಮವುಂಟೆಂದು ಒಪ್ಪಬೇಕಾಗುವದು. ಏಕೆಂದರೆ ಸಣ್ಣವರ ದಿನವು ಸಣ್ಣ ಕೆಲಸಗಳಲ್ಲಿಯೇ ಕಳೆಯುವದು.

ಪ್ರಸ್ತುತ ವಿಷಯವು ಕೂಸಿಗೆ ಕಟ್ಟುವ ಅರಿವೆಯದು. ಚೊಚ್ಚಲ ಹೆರಿಗೆಗೆಂದು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಮಸ್ಕಿಯ ತವರಿಗೆ ಬಂದ ಮಗಳು ತನ್ನ ಪೆಟ್ಟಿಗೆಯಲ್ಲಿ ಡೈಪರಿನ ಕಟ್ಟುಗಳನ್ನು ತಂದಿರುವಳು. ಆಕೆಯ ತಾಯಿಯಾದರೋ ಏಳನೆಯ ತಿಂಗಳಿಂದಲೇ ಹಳೆಯ ಧೋತರಗಳನ್ನೂ ಮೆದುವಾದ ಇಳಕಲ್ಲ ಸೀರೆಗಳನ್ನೂ ಹರಿದು, ಒಗೆದು, ಮಡಿಸಿ ಇಟ್ಟಿರುವಳು. ಕೂಸು ಹುಟ್ಟಿದ ಮೂರನೆಯ ದಿನಕ್ಕೆ ವಾದವು ಹುಟ್ಟುವದು. 'ಪ್ಲಾಸ್ಟಿಕ್ಕಿನಲ್ಲಿ ಕೂಸನ್ನು ಬೇಯಿಸಬೇಡ' ಎಂದು ತಾಯಿ. 'ರಾತ್ರಿ ಹತ್ತು ಸಲ ಎದ್ದು ಬದಲಿಸುವವರು ಯಾರು' ಎಂದು ಮಗಳು. ನಡುವೆ ಅಜ್ಜನು ಪಡಸಾಲೆಯಿಂದಲೇ ಅರಿವೆಯ ಪಕ್ಷವನ್ನು ಹಿಡಿದು, ಪೂರ್ವಿಕರ ಆಚಾರವನ್ನು ಕೊಂಡಾಡುವನು. ಈ ಕಲಹವು ನಗೆಯ ವಿಷಯವೆಂದು ತೋರಿದರೂ ಇದರ ಒಳಗೆ ಶೌಚವೆಂದರೇನು, ತ್ಯಾಗವೆಂದರೇನು, ಒಬ್ಬನ ಸೌಖ್ಯದ ಭಾರವನ್ನು ಇನ್ನೊಬ್ಬನು ಹೊರತಕ್ಕದ್ದೇ ಎಂಬ ಮೂರು ಪ್ರಶ್ನೆಗಳು ಅಡಗಿವೆ.

ಮೊದಲು ಪೂರ್ವಿಕರ ಮಾತು. ಪೂರ್ವಿಕರೆಲ್ಲರೂ ಒಗೆದ ಅರಿವೆಯನ್ನೇ ವಿಧಿಸಿದರೆಂದು ಅಜ್ಜನು ನಂಬಿರುವನಷ್ಟೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ಅವನು ತೆರೆದು ನೋಡಿದರೆ ಆಶ್ಚರ್ಯಪಡುವನು. ಶಿಶುವಿನ ಹಾಸಿಗೆ ಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಸುಗಂಧಯುಕ್ತವೂ ಆಗಿರಬೇಕೆಂದು ಹೇಳಿ, ಬೆವರು, ಕೊಳೆ, ಕ್ರಿಮಿ, ಮಲಮೂತ್ರಗಳಿಂದ ದುಷ್ಟವಾದವುಗಳನ್ನು ಬಿಟ್ಟುಬಿಡಬೇಕೆಂದೇ ಚರಕನು ಮೊದಲು ವಿಧಿಸುವನು. ಬೇರೆಯವು ದೊರೆಯದಿದ್ದ ಪಕ್ಷದಲ್ಲಿ ಮಾತ್ರ ಅವುಗಳನ್ನೇ ಚೆನ್ನಾಗಿ ತೊಳೆದು, ಧೂಪ ಹಾಕಿ, ಒಣಗಿಸಿ ಉಪಯೋಗಿಸಬಹುದೆಂದು ಅನಂತರ ಅನುಮತಿ ಕೊಡುವನು. ಅಂದರೆ ಬಿಸಾಡುವದು ಮುಖ್ಯಕಲ್ಪ, ಒಗೆಯುವದು ಅನುಕಲ್ಪ! ಮಗಳ ಪಕ್ಷಕ್ಕೆ ಇಷ್ಟು ಪ್ರಾಚೀನವಾದ ಆಧಾರವುಂಟೆಂದು ಆಕೆಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

ಸುಶ್ರುತನದು ಇನ್ನೊಂದು ಬಗೆ. ಅವನು ನಿದಾನಸ್ಥಾನದಲ್ಲಿ 'ಅಹಿಪೂತನ'ವೆಂಬ ಶಿಶುರೋಗವನ್ನು ವರ್ಣಿಸುವನು. ಮಲಮೂತ್ರಗಳು ಅಂಟಿದ ಸ್ಥಾನವನ್ನು ತೊಳೆಯದೆ ಬಿಡುವದರಿಂದಲೂ, ಬೆವರಿದ ಕೂಸಿಗೆ ಸ್ನಾನ ಮಾಡಿಸದಿರುವದರಿಂದಲೂ ತುರಿಕೆಯುಂಟಾಗಿ, ಅದು ಹುಣ್ಣಿಗೆ ತಿರುಗುವದೆಂದು ಅವನ ಅಭಿಪ್ರಾಯ. ಇಂದಿನ ವೈದ್ಯರು ಡೈಪರಿನ ಗಂಧೆಯೆಂದು ಹೇಳುವದು ಇದನ್ನೇ. ಇಲ್ಲಿ ಗಮನಿಸತಕ್ಕ ಅಂಶವೇನಂದರೆ, ಸುಶ್ರುತನು ಅರಿವೆಯನ್ನು ದೂಷಿಸಿಲ್ಲ, ತೊಳೆಯದ ಕೈಯನ್ನು ದೂಷಿಸಿರುವನು. ಒದ್ದೆಯಾದ ಧೋತರದ ತುಂಡಿನಲ್ಲಿ ಎರಡು ತಾಸು ಮಲಗಿದ ಕೂಸಿಗೂ, ತುಂಬಿದ ಡೈಪರಿನಲ್ಲಿ ರಾತ್ರಿಯೆಲ್ಲ ಮಲಗಿದ ಕೂಸಿಗೂ ಬರುವ ರೋಗವು ಒಂದೇ. ಆದರೂ ಒಂದು ವ್ಯತ್ಯಾಸವನ್ನು ಒಪ್ಪಬೇಕು. ಧೋತರದ ತುಂಡು ಒದ್ದೆಯಾದ ಕೂಡಲೆ ಕೂಸು ಅಳುವದು. ಡೈಪರಿನಲ್ಲಿ ಕೂಸಿಗೆ ಒದ್ದೆ ತಿಳಿಯದು, ತಾಯಿಗೂ ತಿಳಿಯದು. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ರಾಯಚೂರು ಜಿಲ್ಲೆಯ ಸೆಕೆಯಲ್ಲಿ, ತಗಡಿನ ಮಾಡಿನ ಕೆಳಗೆ, ಈ ತಿಳಿಯದಿರುವಿಕೆಯೇ ಅಪಾಯವಾಗಬಹುದು.

ಡೈಪರೆಂಬ ವಸ್ತುವು ಎಲ್ಲಿಂದ ಬಂದಿತೆಂಬದನ್ನೂ ನೋಡಬೇಕು. ಅಮೇರಿಕದ ಪ್ರಾಕ್ಟರ್ ಮತ್ತು ಗ್ಯಾಂಬಲ್ ಕಂಪನಿಯಲ್ಲಿ ವಿಕ್ಟರ್ ಮಿಲ್ಸ್ ಎಂಬ ಇಂಜಿನಿಯರನು ತನ್ನ ಮೊಮ್ಮಗುವಿನ ಅರಿವೆಗಳನ್ನು ಬದಲಿಸಿ ಬೇಸತ್ತು, ೧೯೫೦ರ ದಶಕದಲ್ಲಿ ಈ ಕೆಲಸಕ್ಕೆ ಕೈಹಾಕಿದನೆಂದು ಹೇಳುವರು. ೧೯೬೧ರಲ್ಲಿ ಪ್ಯಾಂಪರ್ಸ್ ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬಂದಿತು. ಇಲ್ಲಿ ವಿನೋದವೊಂದುಂಟು. ಮಸ್ಕಿಯ ಅಜ್ಜನು ಅರಿವೆಯನ್ನು ಹೊಗಳುವನು, ಅಮೇರಿಕದ ಅಜ್ಜನು ಅದರಿಂದ ಬಿಡುಗಡೆಯನ್ನು ಹುಡುಕಿದನು. ಇಬ್ಬರ ಬುದ್ಧಿಯಲ್ಲಿ ಭೇದವಿರಲಿಕ್ಕಿಲ್ಲ. ಬದಲಿಸುವ ಕೆಲಸವು ಒಬ್ಬನ ಕೈಗೆ ಬಂದಿತು, ಇನ್ನೊಬ್ಬನ ಕೈಗೆ ಬರಲಿಲ್ಲ, ಅಷ್ಟೇ. ಅರಿವೆಯನ್ನು ಹೊಗಳುವ ನಾಲಗೆಯೂ ಒಗೆಯುವ ಕೈಯೂ ಒಬ್ಬರದೇ ಆಗಿರುವದು ನಮ್ಮ ಸೀಮೆಯಲ್ಲಿ ಅಪರೂಪ.

ಈಗಿನ ಡೈಪರಿನಲ್ಲಿ ಮೈಗೆ ತಗಲುವ ಪದರವು ಪಾಲಿಪ್ರೊಪಿಲೀನಿನದು, ಹೊರಗಿನದು ಪಾಲಿಎಥಿಲೀನಿನದು. ನಡುವೆ ಮರದ ತಿರುಳಿನ ನಾರು, ಅದರೊಳಗೆ ಸೋಡಿಯಂ ಪಾಲಿಆಕ್ರಿಲೇಟ್ ಎಂಬ ಬಿಳಿಯ ಹರಳುಗಳು. ಈ ಹರಳು ತನ್ನ ತೂಕದ ನೂರಾರು ಪಾಲು ಶುದ್ಧಜಲವನ್ನೂ, ಉಪ್ಪಿನಂಶವುಳ್ಳ ಮೂತ್ರವನ್ನಾದರೆ ಅದಕ್ಕಿಂತ ಬಹಳ ಕಡಿಮೆಯಾಗಿಯೂ ಹೀರಿ, ಗಂಜಿಯ ಗಡ್ಡೆಯಂತೆ ಹಿಡಿದಿಟ್ಟುಕೊಳ್ಳುವದು. ಮರದ ತಿರುಳು ಕಾಲಕ್ರಮದಲ್ಲಿ ಮಣ್ಣಾದೀತು. ಉಳಿದವು ಕೂಸು ಬೆಳೆದು ಮುದುಕನಾದ ಮೇಲೆಯೂ ಇದ್ದಲ್ಲಿಯೇ ಇರುವವು. ದಿನಕ್ಕೆ ಐದರಂತೆ ಎರಡೂವರೆ ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಕೂಸಿಗೆ ನಾಲ್ಕೂವರೆ ಸಾವಿರಕ್ಕೆ ಮೀರಿದ ಡೈಪರುಗಳಾಗುವವು. ಒಂದಕ್ಕೆ ಹತ್ತು ರೂಪಾಯಿ ಹಿಡಿದರೆ ವಾರಕ್ಕೆ ೩೫೦ ರೂಪಾಯಿ. ೨೦೨೪-೨೫ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯು ೩೪೯ ರೂಪಾಯಿಯಿತ್ತು. ವಾರದಲ್ಲಿ ಒಂದು ದಿನದ ದುಡಿತವು ಪೂರ್ತಿಯಾಗಿ ಕೂಸಿನ ಮೂತ್ರಕ್ಕೇ ಹೋಯಿತೆಂದಾಯಿತು. ಬೆಂಗಳೂರಿನ ಸಂಬಳದವರಿಗೆ ಇದು ಲೆಕ್ಕಕ್ಕಿಲ್ಲದ ಹಣ, ಸಿಂಧನೂರಿನ ಗದ್ದೆಗಳಲ್ಲಿ ನಾಟಿ ಹಚ್ಚುವವಳಿಗೆ ಹಾಗಲ್ಲ.

ಇನ್ನು ಚರಕನ ಮಾತಿನ ತಾತ್ಪರ್ಯ. ಪೂರ್ವಪಕ್ಷಿಯು ಹೀಗೆನ್ನಬಹುದು: 'ಕೆಸರನ್ನು ತುಳಿದು ತೊಳೆಯುವದಕ್ಕಿಂತ ಅದನ್ನು ಮುಟ್ಟದಿರುವದೇ ಲೇಸೆಂದು ಪಂಕಪ್ರಕ್ಷಾಲನ ನ್ಯಾಯವಿದೆ, ಚರಕನೂ ಬಿಟ್ಟುಬಿಡೆಂದನು, ಡೈಪರು ಇವೆರಡಕ್ಕೂ ಒಪ್ಪುವದು.' ಇದಕ್ಕೆ ಉತ್ತರವೇನಂದರೆ, ಚರಕನು ಹೇಳಿದ ವರ್ಜನವು ಮುಗಿಯುವಂಥ ವರ್ಜನವಾಗಿತ್ತು. ಅಂದಿನ ಹತ್ತಿಯ ಅರಿವೆಯನ್ನು ತಿಪ್ಪೆಗೆ ಹಾಕಿದರೆ ಎರಡು ಮಳೆಗಾಲಕ್ಕೆ ಅದು ಗೊಬ್ಬರವಾಗುತ್ತಿತ್ತು. ಬಿಟ್ಟದ್ದು ನಿಜವಾಗಿಯೂ ಹೋಗುತ್ತಿತ್ತು. ಇಂದು ಬಿಟ್ಟದ್ದು ಹೋಗುವದಿಲ್ಲ, ಮನೆಯಿಂದ ಬೀದಿಗೆ, ಬೀದಿಯಿಂದ ಗಾಡಿಗೆ, ಗಾಡಿಯಿಂದ ಊರ ಹೊರಗಿನ ರಾಶಿಗೆ ಸ್ಥಳ ಬದಲಿಸುವದು. ಮೀಮಾಂಸಕರು ಯಾಗದ ಲಕ್ಷಣವನ್ನು ಹೇಳುವಾಗ ದ್ರವ್ಯತ್ಯಾಗವನ್ನು ಮುಖ್ಯಾಂಗವೆಂದು ಹೇಳುವರು. ಯಜಮಾನನು ಹವಿಸ್ಸನ್ನು 'ಇದು ನನ್ನದಲ್ಲ' ಎಂದು ಬಿಡುವನು. ಬೀದಿಯ ಮೂಲೆಗೆ ಡೈಪರನ್ನು ಎಸೆಯುವವನೂ 'ಇದು ನನ್ನದಲ್ಲ' ಎಂದೇ ಹೇಳಿಕೊಳ್ಳುವನು. ಮೊದಲನೆಯವನಲ್ಲಿ ದ್ರವ್ಯದ ಮೇಲಿನ ಮಮತೆಯು ಹೋಯಿತು. ಎರಡನೆಯವನಲ್ಲಿ ಹೋದದ್ದು ಹೊಣೆ. ಹಾಗೆಯೇ ಪಂಕಪ್ರಕ್ಷಾಲನ ನ್ಯಾಯವೂ ಇಲ್ಲಿ ಹತ್ತುವದಿಲ್ಲ. ಆ ನ್ಯಾಯದಲ್ಲಿ ಕೆಸರನ್ನು ಯಾರೂ ಮುಟ್ಟುವದಿಲ್ಲ. ಇಲ್ಲಿ ಮನೆಯೊಡತಿಯು ಮುಟ್ಟದಿದ್ದುದನ್ನು ಪೌರಕಾರ್ಮಿಕಳು ಮುಟ್ಟುವಳು.

ವಿಷಯದ ಮರ್ಮವು ಇಲ್ಲಿದೆ. ಮನುಷ್ಯನ ಮಲವನ್ನು ಮನುಷ್ಯನ ಕೈಯಿಂದ ಎತ್ತಿಸುವದು ಅಧರ್ಮವೆಂದು ಕರ್ನಾಟಕವು ಬಹಳ ಕಷ್ಟದಿಂದ ಕಲಿತಿತು, ಪೂರ್ತಿಯಾಗಿ ಇನ್ನೂ ಕಲಿತಿಲ್ಲ. ೧೯೭೦ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ತಮ್ಮ ಆಯುಷ್ಯವನ್ನೇ ಇದಕ್ಕಾಗಿ ಸವೆಸಿ ೨೦೧೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಡೆದರು. ೨೦೧೦ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮಾಜದವರು ತಮ್ಮನ್ನು ವಸತಿಯಿಂದ ಎಬ್ಬಿಸುವದರ ವಿರುದ್ಧ, ಬೇರೆ ದಾರಿ ಕಾಣದೆ, ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡು ನಿಂತರು. ಆ ದಿನದ ಸುದ್ದಿಯನ್ನು ಓದಿ ಊಟ ಮಾಡಿದವರು ಮರೆತಿರಲಾರರು. ೨೦೧೩ರ ಕಾಯಿದೆಯು ಈ ಕೆಲಸಕ್ಕೆ ಜನರನ್ನು ಹಚ್ಚುವದನ್ನು ದಂಡನೀಯವನ್ನಾಗಿ ಮಾಡಿತು. ಹೀಗಿರುವಾಗ, ಅದೇ ಮಲವನ್ನು ಪ್ಲಾಸ್ಟಿಕ್ಕಿನಲ್ಲಿ ಮಡಿಸಿ, ಅಡಿಗೆಯ ಕಸದೊಡನೆ ಬೆರಸಿ, ಬೆಳಿಗ್ಗೆ ಗಾಡಿಯವರ ಕೈಗೆ ಕೊಟ್ಟರೆ, ಅವರು ಅದನ್ನು ಬರಿಗೈಯಿಂದ ಬೇರ್ಪಡಿಸಬೇಕಾಗುವದು. ಕಾಯಿದೆಯ ಅಕ್ಷರದಲ್ಲಿ ಇದು ಆ ಅಪರಾಧವಲ್ಲದಿರಬಹುದು. ಅರ್ಥದಲ್ಲಿ ಅದಕ್ಕೂ ಇದಕ್ಕೂ ಇರುವ ಅಂತರವು ಒಂದು ಪದರ ಪ್ಲಾಸ್ಟಿಕ್ಕಿನಷ್ಟು ಮಾತ್ರ. ೨೦೧೬ರ ಘನತ್ಯಾಜ್ಯ ನಿಯಮಗಳಲ್ಲಿಯೇ ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಕೊಡತಕ್ಕದ್ದೆಂದೂ, ಸುತ್ತುವ ಚೀಲವನ್ನು ತಯಾರಕರೇ ಒದಗಿಸತಕ್ಕದ್ದೆಂದೂ ವಿಧಿಸಲಾಗಿತ್ತು. ವಿಧಿಯಿತ್ತು, ಅನುಷ್ಠಾನವು ಎಲ್ಲರ ಮನೆಯ ಮುಂದೆ ಕಾಣುತ್ತದೆ.

ಇಷ್ಟನ್ನು ಕೇಳಿ ಅರಿವೆಯ ಪಕ್ಷದವರು ಗೆದ್ದೆವೆಂದು ಹಿಗ್ಗಬಾರದು. ಅವರ ಪಕ್ಷದಲ್ಲಿಯೂ ಅಡಗಿದ ಕೈಯೊಂದುಂಟು. ಹಿಂದಿನ ಕಾಲದಲ್ಲಿ ಪುರುಡಿನ ಅರಿವೆಗಳನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಬಾಣಂತಿಗೆ ತಣ್ಣೀರು ಸಲ್ಲದು, ಉಳಿದವರಿಗೆ ಮಡಿ ಕೆಡುವದು. ಆದಕಾರಣ ಗಂಟು ಕಟ್ಟಿ ಮಡಿವಾಳಗಿತ್ತಿಗೆ ಕೊಡುತ್ತಿದ್ದರು. ಆಕೆಯು ಅದನ್ನು ಹಳ್ಳಕ್ಕೆ ಒಯ್ದು, ಒಗೆದು, ಒಣಗಿಸಿ ತಂದರೆ, ಸುಗ್ಗಿಯಲ್ಲಿ ಆಯದ ಕಾಳು. ಮಡಿಯನ್ನು ಮಾಡಿಕೊಡುವವನೆಂದೇ 'ಮಡಿವಾಳ'ನೆಂಬ ಹೆಸರಾಯಿತು. ಮಡಿಯ ಮನೆಯೊಳಗೆ ಮಾತ್ರ ಅವನಿಗೆ ಪ್ರವೇಶವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಯ್ಯನು ಶರಣರ ಮಧ್ಯದಲ್ಲಿ ಪೂಜ್ಯನಾದನು, ಅದು ನಿಜ. ಅವನ ಹೆಸರು ಹೇಳುವ ಊರುಗಳಲ್ಲಿಯೂ ಬಾಣಂತಿಯ ಗಂಟು ಮಡಿವಾಳಗಿತ್ತಿಯ ತಲೆಯ ಮೇಲೆಯೇ ಹೋಯಿತು. ಈಗ ಆ ಪದ್ಧತಿಯು ಸಡಿಲವಾಗಿದೆ, ಒಳ್ಳೆಯದೇ ಆಯಿತು. ಆದರೆ ಭಾರವು ಕರಗಲಿಲ್ಲ, ಮನೆಯ ಹೆಂಗಸರ ಮೇಲೆ ಇಳಿಯಿತು. ಕೆಲವು ಕಡೆ ನೀರೂ ಕಡಿಮೆ. ತುಂಗಭದ್ರಾ ಎಡದಂಡೆಯ ಕಾಲುವೆಯು ಈ ಸೀಮೆಯಲ್ಲಿ ಹರಿಯುವದಾದರೂ ಎಲ್ಲ ಊರುಗಳಿಗೂ ಅದರ ಭಾಗ್ಯವಿಲ್ಲ. ನಾರಾಯಣಪುರ ಬಲದಂಡೆಯ ೫ಎ ಕಾಲುವೆಗಾಗಿ ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ರೈತರು ೨೦೨೦-೨೧ರಲ್ಲಿ ಬಹುದಿನ ಧರಣಿ ಕುಳಿತದ್ದು ಸುಮ್ಮನೆಯಲ್ಲ. ಕೊಡ ಹೊತ್ತು ನೀರು ತರುವವಳಿಗೆ, 'ಅರಿವೆಯೇ ಶ್ರೇಷ್ಠ, ಒಗೆ' ಎಂದು ಹೇಳುವವನು ಮೊದಲು ಒಂದು ಕೊಡ ತಂದುಕೊಟ್ಟು ಆಮೇಲೆ ಹೇಳಬೇಕು.

ಪಾಶ್ಚಾತ್ಯರು ಈ ಪ್ರಶ್ನೆಯನ್ನು ತಕ್ಕಡಿಯಲ್ಲಿ ತೂಗಿ ನೋಡಿದ್ದಾರೆ. ೨೦೦೮ರಲ್ಲಿ ಇಂಗ್ಲಂಡ್ ವೇಲ್ಸ್‌ಗಳ ಪರಿಸರ ಸಂಸ್ಥೆಯು ಪ್ರಕಟಿಸಿದ ಲೆಕ್ಕದಂತೆ, ಎರಡೂವರೆ ವರ್ಷಗಳಲ್ಲಿ ಒಂದು ಕೂಸಿನ ಡೈಪರುಗಳಿಂದ ವಾತಾವರಣಕ್ಕೆ ಸೇರುವ ಅಂಗಾರಾಮ್ಲದ ಭಾರವು ಸುಮಾರು ೫೫೦ ಕಿಲೋ. ಒಗೆಯುವ ಅರಿವೆಗಳಿಂದ ಸುಮಾರು ೫೭೦ ಕಿಲೋ. ಅರಿವೆಯೇ ಸೋತಿತಲ್ಲ ಎಂದು ಕೆಲವರು ಇದನ್ನು ಎತ್ತಿ ಆಡುವರು. ಆದರೆ ಅಲ್ಲಿ ಅರಿವೆಯನ್ನು ಸೋಲಿಸಿದ್ದು ಅರಿವೆಯಲ್ಲ, ನೀರನ್ನು ಕಾಯಿಸುವ ಯಂತ್ರವೂ ಒಣಗಿಸುವ ಯಂತ್ರವೂ. ಹಗ್ಗದ ಮೇಲೆ ಒಣಗಿಸಿ, ಯಂತ್ರವನ್ನು ತುಂಬಿ ಒಗೆದು, ಅವೇ ಅರಿವೆಗಳನ್ನು ಎರಡನೆಯ ಕೂಸಿಗೂ ಬಳಸಿದರೆ ಸುಮಾರು ೨೦೦ ಕಿಲೋ ಇಳಿಯುವದೆಂದು ಅದೇ ಗ್ರಂಥವು ಹೇಳುವದು. ಮಸ್ಕಿಯಲ್ಲಿ ಒಣಗಿಸುವ ಯಂತ್ರವೆಂದರೆ ಸೂರ್ಯನಾರಾಯಣನು. ಅವನಿಗೆ ವಿದ್ಯುತ್ತಿನ ಬಿಲ್ಲಿಲ್ಲ. ಅಲ್ಲದೆ ಅಜ್ಜಿಯು ಹರಿದ ಸೀರೆಯು ಹತ್ತು ವರ್ಷ ಉಟ್ಟು ಹಳೆಯದಾದದ್ದು, ಅದಕ್ಕೆ ಬೇಕಾದ ಹತ್ತಿ, ನೀರು, ಔಷಧಗಳ ಋಣವು ಎಂದೋ ತೀರಿಹೋಗಿದೆ. ಈಗ ಪೇಟೆಗೆ ಬಂದಿರುವ, ಬಣ್ಣಬಣ್ಣದ, ಗುಂಡಿ ಹಚ್ಚಿದ, ಒಳಗೆ ಪ್ಲಾಸ್ಟಿಕ್ಕಿನ ಪದರವುಳ್ಳ ಹೊಸ ಬಟ್ಟೆಯ ಡೈಪರುಗಳನ್ನು ಡಜನುಗಟ್ಟಲೆ ಕೊಂಡು ತಾನು ಭೂಮಿಗೆ ಉಪಕಾರ ಮಾಡಿದೆನೆಂದು ತಿಳಿಯುವವರಿಗೆ ಈ ಮಾತು ಅನ್ವಯಿಸದು.

ಹಾಗಾದರೆ ನಿರ್ದೋಷವಾದ ಮಾರ್ಗವಾವುದು? ಯಾವುದೂ ಇಲ್ಲ. ಗೃಹಸ್ಥನ ಮನೆಯಲ್ಲಿ ಐದು ವಧಸ್ಥಾನಗಳುಂಟೆಂದು ಮನುವು ಮೂರನೆಯ ಅಧ್ಯಾಯದಲ್ಲಿ ಹೇಳುವನು: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಇವುಗಳಿಲ್ಲದೆ ಮನೆಯು ನಡೆಯದು, ಇವುಗಳಿಂದ ಹಿಂಸೆಯು ತಪ್ಪದು. ಅದಕ್ಕಾಗಿ ಮನುವು ಮನೆಯನ್ನು ಬಿಟ್ಟು ಓಡೆನ್ನಲಿಲ್ಲ. ದಿನದಿನವೂ ಪಂಚಮಹಾಯಜ್ಞಗಳಿಂದ ಆ ಋಣವನ್ನು ತೀರಿಸೆಂದನು. ಕೂಸಿನ ಅರಿವೆಯು ಆರನೆಯ ಸೂನೆಯೆಂದು ತಿಳಿದರೆ ವಾದದ ರೂಪವೇ ಬದಲಾಗುವದು. ಅರಿವೆಯವರು ನೀರು, ಸಾಬೂನು, ಸೌದೆ, ಹೆಂಗಸಿನ ನಿದ್ದೆ ಇವುಗಳಿಗೆ ಋಣಿಗಳು. ಡೈಪರಿನವರು ಮಣ್ಣಿಗೂ ಕಸದ ಗಾಡಿಯವರಿಗೂ ಋಣಿಗಳು. ತನಗೆ ಋಣವೇ ಇಲ್ಲವೆನ್ನುವವನೊಡನೆ ಮಾತ್ರ ವಾದವು ಸಾಗದು.

ಮೀಮಾಂಸೆಯಲ್ಲಿ ಇನ್ನೊಂದು ನಿಯಮವುಂಟು: ಶಾಸ್ತ್ರೋಕ್ತ ಕರ್ಮದ ಫಲವು ಅದನ್ನು ಮಾಡಿಸುವ ಕರ್ತನಿಗೇ ಸೇರತಕ್ಕದ್ದೆಂದು ಜೈಮಿನಿಯ ಮತ. ಇದನ್ನು ತಿರುಗಿಸಿ ನೋಡಿದರೆ, ಫಲವನ್ನು ಉಣ್ಣುವವನು ಕರ್ಮದಿಂದ ಜಾರಿಕೊಳ್ಳಬಾರದೆಂದೂ ಆಗುವದು. ಅರಿವೆಯಿಂದ ಕೂಸಿಗೆ ಹಿತವೆಂದು ಅಜ್ಜನು ಹೇಳಿದರೆ, ಸಂಧ್ಯಾವಂದನೆ ಮುಗಿದ ಮೇಲೆ ಬಕೆಟ್ಟನ್ನು ಹಿಡಿಯಲಿ. ಕೂಸಿನ ತಂದೆಯು ಸೂಟಿಗೆಂದು ಊರಿಗೆ ಬಂದರೆ ಹಿತ್ತಲಿನ ಒಗೆಯುವ ಕಲ್ಲು ಅವನಿಗೂ ತಿಳಿದಿರಲಿ. ಉಪನಯನವಾಗುವ ವರೆಗೆ ಬಾಲಕನಿಗೆ ಶೌಚದ ಕಟ್ಟಳೆಗಳಿಲ್ಲವೆಂದು ಗೌತಮನು ಹೇಳಿರುವನು. ಮಡಿಯ ಭಯದಿಂದ ಕೂಸಿನ ಅರಿವೆಯನ್ನು ಮುಟ್ಟದ ವೈದಿಕನು ಈ ಮಾತಿನಿಂದ ಸ್ವಲ್ಪ ಧೈರ್ಯ ತಂದುಕೊಳ್ಳಬಹುದು. ಒಗೆಯುವವರು ಯಾರೋ ಆರಿಸುವ ಅಧಿಕಾರವೂ ಅವರದೇ. ಅವರು ಡೈಪರನ್ನು ಆರಿಸಿದರೆ ಉಳಿದವರು ಬಾಯಿ ಮುಚ್ಚತಕ್ಕದ್ದು.

ಎರಡು ಗಂಟೆಗೊಮ್ಮೆ ಎದ್ದು ಹಾಲೂಡಿ ಸೊರಗಿದ ಬಾಣಂತಿಗೆ ರಾತ್ರಿಯ ಒಂದು ಡೈಪರು, ಮಸ್ಕಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ದಿನ ಎರಡು, ಕೂಸಿಗೆ ಭೇದಿಯಾಗಿ ಅರಿವೆಗಳು ಸಾಲದ ದಿನ ನಾಲ್ಕು: ಇವು ಆಪದ್ಧರ್ಮದಲ್ಲಿ ಸೇರುವವು, ಇವುಗಳಿಗಾಗಿ ಯಾರೂ ಯಾರನ್ನೂ ಅಂದು ಆಡಬೇಕಾದದ್ದಿಲ್ಲ. ಹಗಲಿನಲ್ಲಿ, ಮನೆಯಲ್ಲಿ, ನೀರೂ ಬಿಸಿಲೂ ಕೈಗಳೂ ಇರುವಾಗ ಹಳೆಯ ಧೋತರಕ್ಕೆ ಸಮಾನವಾದದ್ದು ಇನ್ನೂ ಹುಟ್ಟಿಲ್ಲ. ಡೈಪರನ್ನು ಬಳಸಿದವರು ಅದರೊಳಗಿನ ಮಲವನ್ನು ಪಾಯಿಖಾನೆಯಲ್ಲಿ ಕೊಡವಿ, ಉಳಿದದ್ದನ್ನು ಬಿಗಿಯಾಗಿ ಸುತ್ತಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿಯೇ ಗಾಡಿಯವರಿಗೆ ಕೊಡಬೇಕು. ಗಾಡಿಯವಳು ಒಳಗೇನಿದೆಯೆಂದು ಬಿಚ್ಚಿ ನೋಡುವ ಪ್ರಸಂಗ ಬರಬಾರದು. ಅದನ್ನು ಹಳ್ಳಕ್ಕೂ ಕಾಲುವೆಗೂ ಎಸೆಯಬಾರದು, ಹೊಲದ ಬದುವಿನಲ್ಲಿ ಸುಡಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದು ತನ್ನ ಸ್ತಂಭಶಾಸನವೊಂದರಲ್ಲಿ ಬರೆಸಿದ ಅರಸನ ಹೆಸರನ್ನು ಹೊತ್ತ ಊರಿನಲ್ಲಿ ಪ್ಲಾಸ್ಟಿಕ್ಕಿನ ಹೊಗೆಯೇಳುವದು ಚಂದವಲ್ಲ.

ಇನ್ನು ಅರಿವೆಗಳ ಗತಿಯನ್ನು ಅಜ್ಜಿಯರೇ ಬಲ್ಲರು. ಕೂಸು ನಡೆಯಲು ಕಲಿತು, ಹೊರಗೆ ಹೋಗುವದನ್ನು ಬಾಯಿಬಿಟ್ಟು ಹೇಳತೊಡಗಿದ ಮೇಲೆ, ಒಗೆದು ಒಗೆದು ಜಾಳಾದವುಗಳನ್ನು ಕೌದಿಯ ಒಳಪದರಕ್ಕೆ ಇಟ್ಟು ಹೊಲಿಯುವರು. ಗಟ್ಟಿಯಾಗಿ ಉಳಿದವುಗಳನ್ನು ಕುದಿನೀರಿನಲ್ಲಿ ಅದ್ದಿ, ಎರಡು ದಿನ ಬಿಸಿಲಿಗೆ ಹಾಕಿ, ಬೇವಿನ ಎಲೆಯೊಡನೆ ಮಡಿಸಿ, ಮುಂದಿನ ಬಾಣಂತನಕ್ಕೆಂದು ಕುಂಚಿಗೆಯ ಪೆಟ್ಟಿಗೆಯಲ್ಲಿ ಇಡುವರು.